ಓದುಗರ ಪ್ರಶ್ನೆ, ನಮ್ಮ ಉತ್ತರ: ಜರ್ಮನಿಯಲ್ಲಿ ಮೊದಲ ಹದಿನೈದು ದಿನ

ಎಂಜಿನಿಯರಿಂಗ್ ಮುಗಿಸಿ ಮಾಸ್ಟರ್ಸ್ ಓದಲು ಅಕ್ಟೋಬರ್‌ಗೆ ಜರ್ಮನಿಗೆ ಹೊರಟಿದ್ದೇನೆ. ವೀಸಾ ಆಗಿದೆ, ಹಾಸ್ಟೆಲ್ ರೂಮು ಅಕ್ಟೋಬರ್ 1ರಿಂದ ಸಿಕ್ಕಿದೆ. ಶನಿವಾರ ಮುಟ್ಟುವ ಟಿಕೆಟ್ ಅಗ್ಗವಿದೆ. ಇಳಿದ ಮೇಲೆ ಯಾವ ಕೆಲಸ ಮೊದಲು, ಯಾವುದು ಆಮೇಲೆ?
– ವಿದ್ಯಾರ್ಥಿ, ಉಡುಪಿ

ಮೊದಲು ಆ ಶನಿವಾರದ ಟಿಕೆಟ್ ಬಿಡಿ. ಹಾಸ್ಟೆಲ್ ಕೀ ಇರುವುದು ‘ಹೌಸ್‌ಮೈಸ್ಟರ್’ ಎಂಬ ಉಸ್ತುವಾರಿಯವರ ಕೈಯಲ್ಲಿ. ಅವರ ಕಚೇರಿ ಸಾಮಾನ್ಯವಾಗಿ ವಾರದ ದಿನಗಳಲ್ಲಿ, ಅದೂ ಬೆಳಗ್ಗೆ ಕೆಲವು ಗಂಟೆ ಮಾತ್ರ ತೆರೆದಿರುತ್ತದೆ. ಶನಿವಾರ ಸಂಜೆ ಇಳಿದರೆ ಎರಡು ರಾತ್ರಿಯ ಹೋಟೆಲ್ ಬಾಡಿಗೆ ನಿಮ್ಮ ತಲೆಗೆ. ಭಾನುವಾರ ಅಂಗಡಿಗಳೆಲ್ಲ ಬಂದ್; ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿ ಬಿಟ್ಟರೆ ಒಂದು ಬಾಟ್ಲಿ ನೀರಿಗೂ ಪರದಾಟ. ಅಕ್ಟೋಬರ್ 3 ರಾಷ್ಟ್ರೀಯ ರಜೆ ಎಂಬುದೂ ನೆನಪಿರಲಿ. ಸೋಮವಾರದಿಂದ ಗುರುವಾರದೊಳಗೆ, ಮಧ್ಯಾಹ್ನಕ್ಕೆ ಮುಂಚೆ ಮುಟ್ಟುವ ವಿಮಾನ ನೋಡಿ. ಮಂಗಳೂರಿನಿಂದ ಯುರೋಪಿಗೆ ನೇರ ವಿಮಾನ ಇಲ್ಲ. ಬೆಂಗಳೂರು, ಮುಂಬೈ ಅಥವಾ ಗಲ್ಫ್ ಮೂಲಕ ಹೋಗುವಾಗ ಎರಡು ಬೇರೆ ಬೇರೆ ಟಿಕೆಟ್ ಮಾಡಿಸಬೇಡಿ. ಹಾಗೆ ಮಾಡಿದರೆ ಮೊದಲ ವಿಮಾನ ತಡವಾದಾಗ ಎರಡನೆಯದರ ಹಣ ಹೋಗುತ್ತದೆ, ಲಗೇಜಿನ ತೂಕದ ಲೆಕ್ಕವೂ ಎರಡರಲ್ಲಿ ಎರಡು ಥರ.

ಇನ್ನು ಕೆಲಸಗಳ ಸಾಲು. ಅಲ್ಲಿ ಒಂದು ಕಾಗದ ಇನ್ನೊಂದನ್ನು ಹೆರುತ್ತದೆ, ಹಾಗಾಗಿ ಕ್ರಮ ತಪ್ಪಿದರೆ ಎಲ್ಲವೂ ನಿಲ್ಲುತ್ತದೆ. ಎಲ್ಲದಕ್ಕೂ ಮೂಲ ‘ಆನ್‌ಮೆಲ್ಡುಂಗ್’, ಅಂದರೆ ನಗರ ಕಚೇರಿಯಲ್ಲಿ ವಿಳಾಸ ನೋಂದಣಿ. ರೂಮಿಗೆ ಸೇರಿದ ಎರಡು ವಾರದೊಳಗೆ ಮಾಡಿಸಬೇಕೆಂದು ಕಾನೂನು. ಬೇಕಾದದ್ದು ಪಾಸ್‌ಪೋರ್ಟ್, ತುಂಬಿದ ಅರ್ಜಿ, ಮತ್ತು ಮನೆ ಕೊಟ್ಟವರು ಸಹಿ ಮಾಡಿದ ‘ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್’ ಎಂಬ ದೃಢೀಕರಣದ ಹಾಳೆ. ಹೆಚ್ಚಿನವರು ಎಡವುವುದು ಈ ಮೂರನೆಯದರಲ್ಲಿ. ಬಾಡಿಗೆ ಕರಾರುಪತ್ರ ಇದೆಯಲ್ಲ ಎಂದುಕೊಂಡು ಹೋಗುತ್ತಾರೆ, ವಾಪಸು ಕಳಿಸುತ್ತಾರೆ. ಕೀ ತೆಗೆದುಕೊಳ್ಳುವಾಗಲೇ ಆ ಹಾಳೆ ಕೇಳಿ ಪಡೆಯಿರಿ. ದೊಡ್ಡ ನಗರಗಳಲ್ಲಿ ಅಪಾಯಿಂಟ್‌ಮೆಂಟ್ ಮೂರು-ನಾಲ್ಕು ವಾರ ಮುಂದಕ್ಕೆ ಸಿಗುವುದುಂಟು. ಊರಲ್ಲಿರುವಾಗಲೇ ಆನ್‌ಲೈನಿನಲ್ಲಿ ಬುಕ್ ಮಾಡಿ, ದೃಢೀಕರಣದ ಇಮೇಲ್ ಪ್ರಿಂಟ್ ತೆಗೆದಿಡಿ. ಬೆಳಗ್ಗೆ ಕಚೇರಿ ತೆರೆಯುವ ಹೊತ್ತಿಗೆ ರದ್ದಾದ ಸ್ಲಾಟ್‌ಗಳು ಕಾಣಿಸಿಕೊಳ್ಳುತ್ತವೆ, ಆಗೊಮ್ಮೆ ನೋಡಿ.

ನೋಂದಣಿಯ ಚೀಟಿ ಕೈಗೆ ಬಂದ ಮೇಲೆ ಬ್ಯಾಂಕ್ ಖಾತೆ. ಕೆಲವು ಆನ್‌ಲೈನ್ ಬ್ಯಾಂಕುಗಳ ವಿಡಿಯೊ ತಪಾಸಣೆ ಭಾರತದ ಪಾಸ್‌ಪೋರ್ಟನ್ನು ಒಪ್ಪುವುದಿಲ್ಲ. ಶಾಖೆ ಇರುವ ಬ್ಯಾಂಕಿಗೇ ಹೋಗುವುದು ಲೇಸು. ಖಾತೆ ತೆರೆದ ನಂತರವೇ ಬ್ಲಾಕ್ಡ್ ಅಕೌಂಟಿನ (ವೀಸಾಕ್ಕಾಗಿ ಮೊದಲೇ ಕಟ್ಟಿಟ್ಟು, ತಿಂಗಳ ಕಂತಿನಲ್ಲಷ್ಟೇ ತೆಗೆಯಬಹುದಾದ ಖಾತೆಯ) ಹಣ ಹರಿಯುತ್ತದೆ. ಆರೋಗ್ಯ ವಿಮೆ ಮಾತ್ರ ಇದಕ್ಕೆಲ್ಲ ಕಾಯುವಂತಿಲ್ಲ. ವಿಮಾ ಸಂಸ್ಥೆ ನೇರವಾಗಿ ವಿಶ್ವವಿದ್ಯಾಲಯಕ್ಕೆ ಡಿಜಿಟಲ್ ಸಂದೇಶ ಕಳಿಸದಿದ್ದರೆ ದಾಖಲಾತಿಯೇ ಪೂರ್ತಿಯಾಗುವುದಿಲ್ಲ. 30 ವರ್ಷದೊಳಗಿನವರಿಗೆ ಸರ್ಕಾರಿ ವಿಮೆಯ ವಿದ್ಯಾರ್ಥಿ ದರ ತಿಂಗಳಿಗೆ 140–150 ಯೂರೋ ಆಸುಪಾಸು. ದಾಖಲಾತಿಗೆ ಮುಂಚಿನ ದಿನಗಳಿಗೆ ಪ್ರಯಾಣ ವಿಮೆ ಬೇರೆಯೇ ಇರಲಿ.

ವಾಸದ ಪರವಾನಗಿಗೆ ‘ಆಸ್‌ಲೆಂಡರ್‌ಬೆಹೋರ್ಡೆ’ ಎಂಬ ವಿದೇಶಿಯರ ಕಚೇರಿಗೆ ಮೊದಲ ತಿಂಗಳಲ್ಲೇ ಅರ್ಜಿ ಹಾಕಿ. ವೀಸಾ ಮುಗಿಯುವ ಮೊದಲು ಅರ್ಜಿ ತಲುಪಿದ್ದರೆ, ಉತ್ತರ ತಡವಾದರೂ ನೀವು ಕಾನೂನಿನ ಒಳಗೇ ಇರುತ್ತೀರಿ. ಇಲ್ಲಿಂದ ಫೋಟೋ ಕಟ್ಟಿಕೊಂಡು ಹೋಗುವುದು ವ್ಯರ್ಥ. 2025ರ ಮೇ 1ರಿಂದ ಪರವಾನಗಿಯ ಕಾರ್ಡಿಗೆ ಡಿಜಿಟಲ್ ಫೋಟೋ ಪದ್ಧತಿ ಬಂದಿದೆ, ಅಲ್ಲೇ ತೆಗೆಸಬೇಕು.

ಇಷ್ಟೆಲ್ಲ ಸರಿ ಮಾಡಿ ಒಂದು ಸಣ್ಣ ಕೆಲಸ ಮರೆತರೆ ಎಲ್ಲ ಕೆಟ್ಟಿತು: ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು. ಅಲ್ಲಿನ ಅಂಚೆಯವರು ನೋಡುವುದು ರೂಮಿನ ನಂಬರ್ ಅಲ್ಲ, ಹೆಸರು. ಇಲ್ಲದಿದ್ದರೆ ಬ್ಯಾಂಕಿನ ಕಾರ್ಡು, ಅದರ ಪಿನ್, ವಿಮೆಯ ಕಾರ್ಡು, 11 ಅಂಕಿಯ ತೆರಿಗೆ ಸಂಖ್ಯೆ ಎಲ್ಲವೂ ಬಂದ ದಾರಿಯಲ್ಲೇ ಹಿಂದಕ್ಕೆ. ತೆರಿಗೆ ಸಂಖ್ಯೆ ಕೊಡದೆ ಪಾರ್ಟ್‌ಟೈಮ್ ಕೆಲಸಕ್ಕೆ ಸೇರಿದರೆ ಅತಿ ಹೆಚ್ಚು ತೆರಿಗೆಯ ವರ್ಗದಲ್ಲಿ ಸಂಬಳ ಕತ್ತರಿಸುತ್ತಾರೆ. ಕೀ ಸಿಕ್ಕ ದಿನವೇ ಪೆಟ್ಟಿಗೆಗೆ ಹೆಸರು ಅಂಟಿಸಿ.

ಮಗಳ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ. ತಂದೆಯ ಇನಿಷಿಯಲ್ ಮಾರ್ಕ್ಸ್‌ಕಾರ್ಡಿನಲ್ಲಿ ಮಾತ್ರ. ತೊಂದರೆ ಆದೀತೇ?
– ತಂದೆ, ಪುತ್ತೂರು

ವೀಸಾ ಸಿಕ್ಕಿದ್ದರೆ ಹೆದರಬೇಕಾದದ್ದಿಲ್ಲ, ಕಿರಿಕಿರಿ ಮಾತ್ರ ತಪ್ಪಿದ್ದಲ್ಲ. ಅಲ್ಲಿನ ಅರ್ಜಿಗಳು ಕುಟುಂಬದ ಹೆಸರಿನ ಜಾಗ ಖಾಲಿ ಬಿಡಲು ಬಿಡುವುದಿಲ್ಲ. ಹಾಗಾಗಿ ವಿಮೆಯವರು ಒಂದು ಥರ, ಬ್ಯಾಂಕಿನವರು ಇನ್ನೊಂದು ಥರ ಬರೆದುಕೊಂಡು, ಹೆಸರು ತಾಳೆಯಾಗದೆ ಹಣ ಸಿಕ್ಕಿಕೊಳ್ಳುತ್ತದೆ. ಬ್ಲಾಕ್ಡ್ ಅಕೌಂಟಿನಲ್ಲಿ ಹೇಗೆ ಬರೆದಿದ್ದೀರೋ ಅದನ್ನೇ ಎಲ್ಲ ಕಡೆ ಹಿಡಿಯಿರಿ. ನಗರ ಕಚೇರಿಯಲ್ಲಿ ಹೇಗೆ ದಾಖಲಿಸಿದರು ಎಂಬುದನ್ನು ಅಲ್ಲೇ ನಿಂತು ಓದಿ, ತಪ್ಪಿದ್ದರೆ ಆಗಲೇ ತಿದ್ದಿಸಲಿ. ಅಂಚೆ ಪೆಟ್ಟಿಗೆಗೂ ಅದೇ ಹೆಸರು. ಪ್ರಯಾಣಕ್ಕೆ ಇನ್ನೂ ಆರೆಂಟು ತಿಂಗಳಿದ್ದು ವೀಸಾ ಅರ್ಜಿ ಹಾಕಿಲ್ಲವಾದರೆ, ಪಾಸ್‌ಪೋರ್ಟನ್ನೇ ಸರಿಮಾಡಿಸುವುದು ಒಳ್ಳೆಯದು.

ಮಗನ ಬ್ಲಾಕ್ಡ್ ಅಕೌಂಟಿಗೆ 11,904 ಯೂರೋ ಕಟ್ಟಿ ಆಯಿತು. ಅದರ ಮೇಲೆ ಕೈಯಲ್ಲೂ ಹಣ ಕೊಟ್ಟು ಕಳಿಸಬೇಕಾ?
– ತಾಯಿ, ಕುಂದಾಪುರ

ಬೇಕು ತಾಯಿ. ಆ ಹಣದಿಂದ ತಿಂಗಳಿಗೆ ಸಿಗುವುದು 992 ಯೂರೋ, ಅದೂ ಅಲ್ಲಿನ ಖಾತೆ ತೆರೆದ ಮೇಲೆ. ಮೊದಲ ಕಂತು ಕೈಸೇರಲು ಎರಡು-ಮೂರು ವಾರ ಹಿಡಿಯುತ್ತದೆ ಎಂದೇ ಲೆಕ್ಕ ಹಾಕಿ. ಅಷ್ಟರಲ್ಲಿ ಬಾಡಿಗೆ, ಠೇವಣಿ, ಸೆಮಿಸ್ಟರ್ ಶುಲ್ಕ, ಹಾಸಿಗೆ-ಹೊದಿಕೆ, ಪಾತ್ರೆ ಎಲ್ಲ ಬೀಳುತ್ತವೆ. ಖಾಸಗಿ ಮನೆಯಾದರೆ ಠೇವಣಿ ಮೂರು ತಿಂಗಳ ಮೂಲ ಬಾಡಿಗೆಯವರೆಗೂ ಕೇಳಬಹುದು, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ರೂಮು ಕಣ್ಣಾರೆ ನೋಡುವ ಮೊದಲು, ಕರಾರಿಗೆ ಸಹಿ ಬೀಳುವ ಮೊದಲು ಠೇವಣಿ ಕಳಿಸಿ ಎನ್ನುವವರು ಬಹುಪಾಲು ವಂಚಕರೇ.

ಫಾರೆಕ್ಸ್ ಕಾರ್ಡಿನಲ್ಲಿ (ಇಲ್ಲೇ ವಿದೇಶಿ ಹಣ ತುಂಬಿಸಿಕೊಂಡು ಹೋಗುವ ಕಾರ್ಡು) 1,500 ಯೂರೋ, ನೋಟಿನಲ್ಲಿ 300 ಇದ್ದರೆ ಹಾಸ್ಟೆಲ್ ಸಿಕ್ಕ ಹುಡುಗನಿಗೆ ಸಾಕು. ನೋಟು 10, 20, 50ರದ್ದೇ ಇರಲಿ. ಬೇಕರಿಗಳಲ್ಲಿ, ಸಣ್ಣ ಅಂಗಡಿಗಳಲ್ಲಿ ಕಾರ್ಡು ನಡೆಯದಿರಬಹುದು. ಹಾಸ್ಟೆಲ್ ಬಾಡಿಗೆಯನ್ನು ಹೆಚ್ಚಾಗಿ ಬ್ಯಾಂಕ್ ಖಾತೆಯಿಂದಲೇ ಎಳೆದುಕೊಳ್ಳುತ್ತಾರೆ, ಫಾರೆಕ್ಸ್ ಕಾರ್ಡಿನಿಂದ ಅದು ಆಗದು. ಮೊದಲ ತಿಂಗಳ ಬಾಡಿಗೆಯನ್ನು ಇಲ್ಲಿನ ಬ್ಯಾಂಕಿನಿಂದಲೇ ಕಳಿಸಬಹುದೇ ಎಂದು ಮಗನೇ ಹಾಸ್ಟೆಲಿಗೆ ಮೇಲ್ ಮಾಡಿ ಕೇಳಲಿ.

ವಿಳಾಸ ನೋಂದಣಿಯ ಅರ್ಜಿಯಲ್ಲಿ ಧರ್ಮ ಕೇಳುತ್ತಾರಂತೆ. ಕ್ಯಾಥೊಲಿಕ್ ಎಂದು ಬರೆದರೆ ತೆರಿಗೆ ಬೀಳುತ್ತದೆ ಎನ್ನುವುದು ನಿಜವೇ?
– ಓದುಗರು, ಕುಲಶೇಖರ, ಮಂಗಳೂರು

ನಿಜ, ಆದರೆ ಕೇಳಿದಷ್ಟು ಭಯಂಕರವಲ್ಲ. ಚರ್ಚ್ ತೆರಿಗೆ ಕಟ್ಟುವುದು ಸಂಬಳದ ಮೇಲಲ್ಲ, ಆದಾಯ ತೆರಿಗೆಯ ಮೇಲೆ: ಬವೇರಿಯಾ ಮತ್ತು ಬಾಡೆನ್-ವುರ್ಟೆಂಬರ್ಗ್ ರಾಜ್ಯಗಳಲ್ಲಿ ಶೇ. 8, ಉಳಿದೆಡೆ ಶೇ. 9. ಆದಾಯ ತೆರಿಗೆ 100 ಯೂರೋ ಆದರೆ ಚರ್ಚಿಗೆ 8 ಅಥವಾ 9. ವರ್ಷಕ್ಕೆ ಸುಮಾರು 12,000 ಯೂರೋ ದಾಟದ ಗಳಿಕೆಗೆ ಆದಾಯ ತೆರಿಗೆಯೇ ಇಲ್ಲದ್ದರಿಂದ ಓದುವಾಗ ಇದರ ಬಿಸಿ ತಟ್ಟುವುದು ಅಪರೂಪ. ಪೂರ್ಣ ಪ್ರಮಾಣದ ಕೆಲಸ ಸಿಕ್ಕ ಮೇಲೆ ಗೊತ್ತಾಗುತ್ತದೆ. ಸುಳ್ಳು ಬರೆಯಿರಿ ಎಂದು ನಾವು ಹೇಳುವುದಿಲ್ಲ. ಒಮ್ಮೆ ದಾಖಲಾದ ಮೇಲೆ ಹೊರಬರಬೇಕಾದರೆ ಸರ್ಕಾರಿ ಕಚೇರಿಯಲ್ಲಿ ವಿಧಿವತ್ತಾಗಿ ಚರ್ಚಿನ ಸದಸ್ಯತ್ವವನ್ನೇ ಬಿಡಬೇಕಾಗುತ್ತದೆ ಎಂದು ತಿಳಿದು ಬರೆಯಿರಿ. ಹಿಂದೂ, ಮುಸ್ಲಿಂ ವಿದ್ಯಾರ್ಥಿಗಳಿಗೆ ಈ ತೆರಿಗೆ ಬರುವುದಿಲ್ಲ.

ಮೊಮ್ಮಗನಿಗೆ ತುಪ್ಪ, ಒಣಮೀನು, ಕರಿಬೇವಿನ ಸೊಪ್ಪು, ಕೊಬ್ಬರಿ, ಕುಕ್ಕರ್ ಎಲ್ಲ ಕಟ್ಟಿಟ್ಟಿದ್ದೇವೆ. ಏನು ಹೋಗುತ್ತದೆ, ಏನು ಹೋಗುವುದಿಲ್ಲ?
– ಅಜ್ಜಿ, ಕಾರ್ಕಳ

ಅಜ್ಜೀ, ಆಶ್ಚರ್ಯ ಆದೀತು: ಒಣಮೀನು ಹೋಗುತ್ತದೆ, ತುಪ್ಪ ಹೋಗುವುದಿಲ್ಲ! ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ತುಪ್ಪ, ಪೇಡೆ, ಕೋಳಿ ಸುಕ್ಕ ಮೂರೂ ಕಸ್ಟಮ್ಸ್‌ನವರ ಬುಟ್ಟಿಗೆ. ಮೀನಿಗೆ ಮಾತ್ರ ಸ್ವಂತ ಬಳಕೆಗೆ 20 ಕಿಲೋವರೆಗೆ ಅವಕಾಶ ಉಂಟು. ಆದರೆ ಎರಡು-ಮೂರು ಪದರ ಕವರಿನಲ್ಲಿ ಗಾಳಿಯಾಡದಂತೆ ಕಟ್ಟಿ. ಹತ್ತು ಜನರ ಅಡುಗೆಮನೆಯಲ್ಲಿ ಅದನ್ನು ಹುರಿದರೆ ನೆರೆಯವರ ಜೊತೆ ಸಂಬಂಧ ಏನಾಗುತ್ತದೆ ಎನ್ನುವುದು ಕಸ್ಟಮ್ಸ್ ನಿಯಮದಲ್ಲಿ ಇಲ್ಲ.

ತುಪ್ಪ ಅಲ್ಲೇ ಕಾಯಿಸಬಹುದು. ಉಪ್ಪಿಲ್ಲದ 250 ಗ್ರಾಂ ಬೆಣ್ಣೆಯ ಪೊಟ್ಟಣಕ್ಕೆ ಸುಮಾರು 200 ಗ್ರಾಂ ತುಪ್ಪ ಇಳಿಯುತ್ತದೆ. ಹಸಿ ಕರಿಬೇವಿನ ಸೊಪ್ಪು ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ನಡೆಯದು; ನೆರಳಲ್ಲಿ ಗರಿಗರಿ ಒಣಗಿಸಿ ಪುಡಿ ಮಾಡಿ ಕೊಡಿ. ಕೊಬ್ಬರಿಗೆ ಬೆಂಕಿ ಬೇಗ ಹಿಡಿಯುತ್ತದೆ ಎಂದು ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ. ತೆಂಗಿನ ತುರಿ ಅಲ್ಲಿನ ಏಷ್ಯನ್ ಅಂಗಡಿಗಳ ಫ್ರೀಜರಿನಲ್ಲಿ ಸಿಗುತ್ತದೆ. ಕೆಂಪು ಕುಚ್ಚಲಕ್ಕಿಯನ್ನು ಶ್ರೀಲಂಕಾ ತಮಿಳರ ಅಂಗಡಿಯಲ್ಲಿ ಕೇಳಲಿ. ಒಣ ಪುನರ್ಪುಳಿ, ಸಾರಿನ ಪುಡಿ, ಹಪ್ಪಳ, ಉಪ್ಪಿನಕಾಯಿ ಇವುಗಳಿಗೆ ತೂಕ ಬಳಸಿ. ಉಪ್ಪಿನಕಾಯಿ ಕ್ಯಾಬಿನ್ ಬ್ಯಾಗಿಗೆ ಬೇಡ, ಚೆಕ್-ಇನ್ ಬ್ಯಾಗಿಗೆ ಹಾಕಿ.

ಕುಕ್ಕರ್ ಮೂರು ಲೀಟರಿನದು ಸಾಕು, ಆದರೆ ಸ್ಟೀಲಿನದಾಗಿ ತಳಕ್ಕೆ ಆಯಸ್ಕಾಂತ ಅಂಟಬೇಕು. ಹಾಸ್ಟೆಲಿನಲ್ಲಿ ಇಂಡಕ್ಷನ್ ಒಲೆಯಿದ್ದರೆ ಸಾದಾ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗದು. ಒಗ್ಗರಣೆಗೆ ಮೊದಲು ಕಿಟಕಿ ತೆರೆಯಬೇಕು, ರೂಮಿನ ಬಾಗಿಲು ಮುಚ್ಚಬೇಕು. ಹೊಗೆಯ ಅಲಾರಂಗೆ ಬಟ್ಟೆ ಸುತ್ತುವ ಬುದ್ಧಿ ಬೇಡ. ಅಗ್ನಿಶಾಮಕದವರು ಸುಮ್ಮನೆ ಬಂದು ಹೋದರೆ ಅದರ ಬಿಲ್ ನಿಮ್ಮ ಮೊಮ್ಮಗನಿಗೇ ಬರಬಹುದು.

ಸುರತ್ಕಲ್‌ನಿಂದ ಬಂದು ಇಲ್ಲಿ ಒಂದು ತಿಂಗಳಾಯಿತು. ರೂಮಿನಲ್ಲಿ ಟಿ.ವಿ. ಇಲ್ಲ, ಆದರೂ ಟಿ.ವಿ.-ರೇಡಿಯೊ ಶುಲ್ಕ ತಿಂಗಳಿಗೆ 18.36 ಯೂರೋ ಎಂದು ಪತ್ರ ಬಂದಿದೆ. ಮೋಸವೇ?
– ವಿದ್ಯಾರ್ಥಿನಿ, ಜರ್ಮನಿ

ಮೋಸವಲ್ಲ. ಇದು ಮನೆಗೊಂದು ಶುಲ್ಕ, ಟಿ.ವಿ. ಇದ್ದರೂ ಇಲ್ಲದಿದ್ದರೂ. ಮೂವರು ಒಂದು ಫ್ಲ್ಯಾಟ್ ಹಂಚಿಕೊಂಡಿದ್ದರೆ ಒಬ್ಬರು ಕಟ್ಟಿದರೆ ಆಯಿತು. ಉಳಿದವರು ಆ ಒಬ್ಬರ ಶುಲ್ಕ ಸಂಖ್ಯೆ ಬರೆದು ಉತ್ತರಿಸಬೇಕು. ಹಾಸ್ಟೆಲಿನಲ್ಲಿ ಎಲ್ಲರೂ ಓಡಾಡುವ ಕಾರಿಡಾರಿಗೆ ನೇರ ಬಾಗಿಲಿರುವ ರೂಮನ್ನು ಪ್ರತ್ಯೇಕ ಮನೆ ಎಂದೇ ಲೆಕ್ಕ ಹಾಕುತ್ತಾರೆ. ಉತ್ತರಿಸದೆ ಕಸದ ಬುಟ್ಟಿಗೆ ಹಾಕಿದರೆ ನೋಂದಣಿಯ ದಿನದಿಂದ ಬಾಕಿ ಬೆಳೆದು ದಂಡವೂ ಸೇರುತ್ತದೆ.

ರೂಮಿನ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತಿದೆ. ಹೀಟರ್ ಹಾಕಿಯೇ ಇರುತ್ತೇನೆ.
– ಅದೇ ವಿದ್ಯಾರ್ಥಿನಿ

ಬಟ್ಟೆ ರೂಮಿನೊಳಗೇ ಒಣಗಿಸುತ್ತೀರಿ, ಚಳಿಗೆ ಕಿಟಕಿ ತೆರೆಯುವುದಿಲ್ಲ. ಇಷ್ಟೇ ಕಾರಣ ಇರಬೇಕು. ಹಬೆ ಹೋಗಿ ತಣ್ಣಗಿನ ಗೋಡೆಗೆ ಕೂರುತ್ತದೆ. ದಿನಕ್ಕೆ ಎರಡು-ಮೂರು ಸಲ ಹೀಟರ್ ಆರಿಸಿ ಕಿಟಕಿಯನ್ನು ಪೂರ್ತಿ ತೆರೆದು 5–10 ನಿಮಿಷ ಬಿಡಿ. ಅರ್ಧ ಓರೆ ಮಾಡಿ ಇಡೀ ದಿನ ಇಟ್ಟರೆ ಗೋಡೆ ಇನ್ನೂ ತಣ್ಣಗಾಗುತ್ತದೆ, ಬಿಲ್ಲೂ ಏರುತ್ತದೆ. ಹೀಟರಿನ ಗುಂಡಿ 3ರಲ್ಲಿದ್ದರೆ ಸುಮಾರು 20 ಡಿಗ್ರಿ. 5ಕ್ಕೆ ತಿರುಗಿಸಿದರೆ ರೂಮು ಬೇಗ ಬಿಸಿಯಾಗುವುದಿಲ್ಲ, ಹೆಚ್ಚು ಬಿಸಿಯಾಗುತ್ತದೆ ಅಷ್ಟೆ. ಮಂಚ, ಕಪಾಟು ಹೊರಗೋಡೆಯಿಂದ ಒಂದು ಗೇಣು ದೂರ ಇರಲಿ. ಈಗ ಹಿಡಿದ ಬೂಷ್ಟಿನ ಫೋಟೋ ತೆಗೆದು ಹೌಸ್‌ಮೈಸ್ಟರ್‌ಗೆ ಇವತ್ತೇ ಮೇಲ್ ಮಾಡಿ, ಇಲ್ಲದಿದ್ದರೆ ರೂಮು ಬಿಡುವಾಗ ಠೇವಣಿಯಲ್ಲಿ ಕಡಿತವಾಗಬಹುದು.