ಮೆಂತ್ಯದ ನೀರು, ಇಸಬ್‌ಗೋಲ್ ಮತ್ತು ಬೆಳಗಿನ ಮಾತ್ರೆ

ಹಾಸನದ ಓದುಗರೊಬ್ಬರು ಬರೆದಿದ್ದಾರೆ: ‘ನನಗೆ 52 ವರ್ಷ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 162. ವೈದ್ಯರು ಅದನ್ನು ಇಳಿಸುವ ಮಾತ್ರೆ ಅಟೋರ್ವಾಸ್ಟಾಟಿನ್ 10 ಮಿ.ಗ್ರಾಂ ಬರೆದುಕೊಟ್ಟಿದ್ದಾರೆ. ಬೆಳಗ್ಗೆ ಥೈರಾಯ್ಡ್ ಮಾತ್ರೆ ನುಂಗಿದ ಕೂಡಲೇ ಮೆಂತ್ಯ ನೆನೆಸಿದ ನೀರಿಗೆ ಇಸಬ್‌ಗೋಲ್ ಹಾಕಿ ಕುಡಿಯುತ್ತೇನೆ. ಗುಗ್ಗುಲು (ಆಯುರ್ವೇದದಲ್ಲಿ ಬಳಸುವ ಗಿಡದ ಅಂಟು) ಶುರುಮಾಡಿ ಅಟೋರ್ವಾಸ್ಟಾಟಿನ್ ಬಿಡಬಹುದೇ?’

ಸಂಪಾದಕರ ಉತ್ತರ: ಬಿಡಬೇಡಿ. ಅದಕ್ಕೂ ಮೊದಲು ನಿಮ್ಮ ಬೆಳಗಿನ ಲೋಟ ಸರಿಯಾಗಬೇಕು. ಇಸಬ್‌ಗೋಲ್ ನೀರು ಬಿದ್ದೊಡನೆ ಉಬ್ಬಿ ಲೋಳೆಯಾಗುತ್ತದೆ. ಕರುಳಲ್ಲಿ ಆ ಲೋಳೆ ಪಿತ್ತರಸವನ್ನು ಹಿಡಿದು ಹೊರಹಾಕುತ್ತದೆ. ಹೊಸ ಪಿತ್ತ ತಯಾರಿಸಲು ಯಕೃತ್ತು ರಕ್ತದಿಂದ ಕೊಲೆಸ್ಟರಾಲ್ ಎಳೆದುಕೊಳ್ಳುತ್ತದೆ. ಲಾಭ ಬರುವುದು ಹೀಗೆ. ಆದರೆ ಅದೇ ಲೋಳೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತುವುದನ್ನೂ ತಗ್ಗಿಸಬಹುದು. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೆ ಎಲ್‌ಡಿಎಲ್ ಏರುತ್ತದೆ! ಇಳಿಸಲೆಂದು ಕುಡಿದದ್ದೇ ಏರಿಸಿದಂತಾಗಬಾರದು.

ಬೆಳಗ್ಗೆ ಥೈರಾಯ್ಡ್ ಮಾತ್ರೆಗೆ ಬರೀ ನೀರು ಸಾಕು. ಇಸಬ್‌ಗೋಲನ್ನು ರಾತ್ರಿ ಊಟಕ್ಕೆ ಮುಂಚೆ, ಏಳೂವರೆಗೆ ಇಟ್ಟುಕೊಳ್ಳಿ, ಅಟೋರ್ವಾಸ್ಟಾಟಿನ್ ಹತ್ತಕ್ಕೆ. ಮೊದಲ ವಾರ 5 ಗ್ರಾಂ, ಹೊಟ್ಟೆ ಉಬ್ಬರಿಸದಿದ್ದರೆ 10 ಗ್ರಾಂ. ಪ್ರತಿ 5 ಗ್ರಾಂಗೆ ದೊಡ್ಡ ಲೋಟ, ಅಂದರೆ 250 ಮಿ.ಲೀ. ನೀರು ಬೇಕು, ಕಲಸಿದ ತಕ್ಷಣ ಕುಡಿಯಿರಿ. ಒಣಪುಡಿ ಬಾಯಿಗೆ ಹಾಕಿಕೊಂಡರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳುತ್ತದೆ. ನುಂಗಲು ತೊಂದರೆ ಇರುವವರು ಇದರ ತಂಟೆಗೇ ಹೋಗಬಾರದು.

ಮೆಂತ್ಯದ ಕಾಳನ್ನು ಎಸೆದು ನೀರಷ್ಟೇ ಕುಡಿದರೆ ನಾರಿನ ಬಹುಪಾಲು ಕಾಳಿನಲ್ಲೇ ಉಳಿದುಹೋಗುತ್ತದೆ. ನೆಂದ ಕಾಳನ್ನೇ ಅಗಿದು ತಿನ್ನಿ, ಅದನ್ನೂ ಥೈರಾಯ್ಡ್ ಮಾತ್ರೆ ನುಂಗಿ ನಾಲ್ಕು ಗಂಟೆ ಬಿಟ್ಟು. ಸಕ್ಕರೆ ಕಾಯಿಲೆಯ ಮಾತ್ರೆ ಇದ್ದರೆ ಸಕ್ಕರೆ ತೀರಾ ಇಳಿಯದಂತೆ ನೋಡಿಕೊಳ್ಳಬೇಕು.

ಇನ್ನು ಲೆಕ್ಕ. ಇಸಬ್‌ಗೋಲ್ ಎಲ್‌ಡಿಎಲ್ ಇಳಿಸುವುದು ಶೇ. 5ರಿಂದ 10, ನಿಮ್ಮ 162ರಲ್ಲಿ 8ರಿಂದ 16 ಅಂಕ. ಅಟೋರ್ವಾಸ್ಟಾಟಿನ್ 10 ಮಿ.ಗ್ರಾಂ ಸುಮಾರು ಶೇ. 35 ಇಳಿಸುತ್ತದೆ, ಅಂದರೆ 55ಕ್ಕೂ ಹೆಚ್ಚು. ಒಂದರ ಜೊತೆ ಇನ್ನೊಂದು ಒಳ್ಳೆಯದೇ, ಒಂದರ ಬದಲು ಇನ್ನೊಂದು ಆಗದು.

ಗುಗ್ಗುಲು ನಮ್ಮ ದೇಶದಲ್ಲಿ ದಶಕಗಳಿಂದ ಬಳಕೆಯಲ್ಲಿದೆ, ನಿಜ. ಆದರೆ 2003ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ ಎಂಟು ವಾರ ಅದನ್ನು ತೆಗೆದುಕೊಂಡವರ ಎಲ್‌ಡಿಎಲ್ ಶೇ. 4–5 ಏರಿತು, ಕೆಲವರಿಗೆ ಮೈಮೇಲೆ ದದ್ದೂ ಎದ್ದಿತು. ಥೈರಾಯ್ಡ್ ಇರುವ ನಿಮಗೆ ಅದನ್ನು ನಾವು ಹೇಳುವುದಿಲ್ಲ.

ಸಾರಿಗೆ ಹಾಕುವ ಬೆಳ್ಳುಳ್ಳಿಗೆ ಅಡ್ಡಿಯಿಲ್ಲ. ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ಇರುವವರು ಬೆಳ್ಳುಳ್ಳಿ ಕ್ಯಾಪ್ಸೂಲ್ ಮುಟ್ಟುವ ಮುನ್ನ ವೈದ್ಯರಿಗೆ ತಿಳಿಸಲಿ. ಸಮಯ ಬದಲಿಸಿ ಎಂಟು ವಾರ ಕಳೆದ ಮೇಲೆ ಟಿಎಸ್‌ಎಚ್ (ಥೈರಾಯ್ಡ್ ಮಟ್ಟ ತಿಳಿಸುವ ರಕ್ತಪರೀಕ್ಷೆ) ಮತ್ತು ಕೊಲೆಸ್ಟರಾಲ್ ಎರಡನ್ನೂ ಒಟ್ಟಿಗೇ ಪರೀಕ್ಷೆ ಮಾಡಿಸಿ. ವೈದ್ಯರ ಬಳಿ ಹೋಗುವಾಗ ಮೆಂತ್ಯ, ಇಸಬ್‌ಗೋಲ್ ಎಷ್ಟು, ಎಷ್ಟು ಹೊತ್ತಿಗೆ ಎಂಬುದನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ.