ಜಾಲಪುಟದಲ್ಲಿ ತೂಗುವ ಲೋಲಕ ಮಾಡಲು ಆಕ್ಷನ್‌ಸ್ಕ್ರಿಪ್ಟ್ ಕಲಿಯಬೇಕೇ, ಜಾವಾಸ್ಕ್ರಿಪ್ಟ್ ಕಲಿಯಬೇಕೇ?

ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವ ನೀವು, ಮಕ್ಕಳು ಬೆರಳಿನಿಂದ ಎಳೆದು ಬಿಟ್ಟರೆ ತೂಗಾಡುವ ಸರಳ ಲೋಲಕವೊಂದನ್ನು ಜಾಲಪುಟದಲ್ಲಿ ರೂಪಿಸಬೇಕೆಂದಿದ್ದೀರಿ. ನಿಮ್ಮಲ್ಲಿರುವ ಹಳೆಯ ಆಕ್ಷನ್‌ಸ್ಕ್ರಿಪ್ಟ್ ಪುಸ್ತಕದಿಂದ ಆರಂಭಿಸಬಹುದೇ, ಇಲ್ಲವಾದರೆ ಯಾವುದನ್ನು, ಯಾವ ಕ್ರಮದಲ್ಲಿ ಕಲಿಯಬೇಕು ಎಂಬುದು ನಿಮ್ಮ ಪ್ರಶ್ನೆ. ಜಾಲಪುಟದಲ್ಲಿ ಅನಿಮೇಷನ್ ತೋರಿಸುವ ಫ್ಲ್ಯಾಶ್ ತಂತ್ರಾಂಶ ಬಳಕೆಯಲ್ಲಿದ್ದ ಕಾಲದಲ್ಲಿ ಪಾಠಗಳಿಗಾಗಿ ಅದರ ಭಾಷೆಯಾದ ಆಕ್ಷನ್‌ಸ್ಕ್ರಿಪ್ಟ್ ಬರೆಯುತ್ತಿದ್ದು, ಅನಂತರ ಅದೇ ಕೆಲಸವನ್ನು ಜಾವಾಸ್ಕ್ರಿಪ್ಟಿನಲ್ಲಿ ಮುಂದುವರಿಸಿದವನಾಗಿ ಉತ್ತರಿಸುತ್ತಿದ್ದೇನೆ.

ಜಾವಾಸ್ಕ್ರಿಪ್ಟನ್ನೇ ಕಲಿಯಿರಿ. ಅಡೋಬಿ ಸಂಸ್ಥೆಯು 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರಿನ ಬೆಂಬಲವನ್ನು ನಿಲ್ಲಿಸಿತು. 2021ರ ಜನವರಿ 12ರಿಂದ ಆ ಪ್ಲೇಯರ್ ಕಡತಗಳನ್ನು ತೆರೆಯುವುದನ್ನೇ ಬಿಟ್ಟಿತು. ಹಳೆಯ ಫ್ಲ್ಯಾಶ್ ಕಡತಗಳನ್ನು ಇಂದಿನ ಬ್ರೌಸರಿನಲ್ಲಿ ನಡೆಸಬಲ್ಲ ರಫಲ್ ಎಂಬ ತಂತ್ರಾಂಶವಿದೆ. ಹಿಂದೆ ಮಾಡಿದ್ದನ್ನು ಉಳಿಸಿಕೊಳ್ಳುವವರಿಗೆ ಅದು ದೊಡ್ಡ ಉಪಕಾರವೇ ಸರಿ, ಆದರೆ ಅದನ್ನು ನಂಬಿಕೊಂಡು ಹೊಸದನ್ನು ಬರೆಯುವುದು ತಕ್ಕುದಲ್ಲ.

ಹಾಗೆಂದು ಪುಸ್ತಕವನ್ನು ಬದಿಗಿಡಬೇಕಿಲ್ಲ. ಎರಡೂ ಭಾಷೆಗಳು ಎಕ್ಮಾಸ್ಕ್ರಿಪ್ಟ್ ಎಂಬ ಒಂದೇ ಮಾನಕದ ಕವಲುಗಳಾದ್ದರಿಂದ ಚರಾಂಶ, ಷರತ್ತು, ಫಂಕ್ಷನ್, ಅರೇ ಇವುಗಳ ಬಗ್ಗೆ ಅದರಲ್ಲಿ ಓದಿದ್ದರಲ್ಲಿ ಬಹುಪಾಲು ಉಪಯೋಗಕ್ಕೆ ಬರುತ್ತದೆ. ಅದರಿಂದ ತೆಗೆದುಕೊಳ್ಳಬಾರದ ಅಭ್ಯಾಸವೊಂದಿದೆ, ಮತ್ತು ನಿಮ್ಮ ಲೋಲಕದ ಮಟ್ಟಿಗೆ ಅದೇ ಮುಖ್ಯವಾದ ವಿಷಯ: ಕಾಲವನ್ನು ಫ್ರೇಮುಗಳ (ಪರದೆಯ ಮೇಲೆ ಒಂದರ ಹಿಂದೊಂದು ಮೂಡುವ ಚಿತ್ರಗಳ) ಲೆಕ್ಕದಲ್ಲಿ ಅಳೆಯುವ ಅಭ್ಯಾಸ. ಫ್ಲ್ಯಾಶಿನಲ್ಲಿ ಸೆಕೆಂಡಿಗೆ 12 ಅಥವಾ 24 ಫ್ರೇಮುಗಳೆಂದು ರಚನೆಕಾರನೇ ಗೊತ್ತುಪಡಿಸಿ, ಪ್ರತಿ ಫ್ರೇಮಿನಲ್ಲಿ ವಸ್ತುವನ್ನು ಇಷ್ಟಿಷ್ಟು ಸರಿಸುತ್ತಿದ್ದನು. ಈಗಿನ ಬ್ರೌಸರಿನಲ್ಲಿ ರಿಕ್ವೆಸ್ಟ್‌ಅನಿಮೇಷನ್‌ಫ್ರೇಮ್ ಎಂಬ ಫಂಕ್ಷನ್ ನಿಮ್ಮ ಚಿತ್ರಣದ ಫಂಕ್ಷನನ್ನು ಪರದೆಯ ಗತಿಗೆ ಹೊಂದಿಸಿ ಕರೆಯುತ್ತದೆ. ಆ ಗತಿ ಒಂದು ಸಾಧನದಲ್ಲಿ ಸೆಕೆಂಡಿಗೆ 60, ಇನ್ನೊಂದರಲ್ಲಿ 90, ಮತ್ತೊಂದರಲ್ಲಿ 120.

ಇದರ ಪರಿಣಾಮವನ್ನು ನಿಮ್ಮ ಪಾಠದಲ್ಲಿಯೇ ನೋಡಬಹುದು. ಒಂದು ಮೀಟರ್ ಉದ್ದದ ಲೋಲಕವು ಸಣ್ಣ ಕೋನದಲ್ಲಿ ತೂಗಿದಾಗ ಒಂದು ಪೂರ್ಣ ಆಂದೋಲನಕ್ಕೆ ಸುಮಾರು 2 ಸೆಕೆಂಡ್ ಬೇಕು. ಪ್ರತಿ ಫ್ರೇಮಿಗೆ ಸೆಕೆಂಡಿನ ಅರವತ್ತನೆಯ ಒಂದು ಭಾಗ ಕಳೆಯಿತೆಂದು ಭಾವಿಸಿ ಬರೆದ ಕ್ರಮವಿಧಿಯನ್ನು 120ರ ಪರದೆಯಲ್ಲಿ ತೆರೆದರೆ ಅದೇ ಲೋಲಕ ಒಂದೇ ಸೆಕೆಂಡಿನಲ್ಲಿ ಹೋಗಿಬರುತ್ತದೆ. ಗಡಿಯಾರ ಹಿಡಿದು ಕುಳಿತ ವಿದ್ಯಾರ್ಥಿಯು ಆ ಅಳತೆಯಿಂದ ಗುರುತ್ವ ವೇಗೋತ್ಕರ್ಷವನ್ನು ಲೆಕ್ಕ ಹಾಕಿದರೆ 9.8ರ ಬದಲು 39ರ ಆಸುಪಾಸಿನ ಉತ್ತರ ಬರುತ್ತದೆ. ಅನಿಮೇಷನ್ ಎಷ್ಟೇ ನಯವಾಗಿ ಕಂಡರೂ ಅದು ಕಲಿಸುವುದು ತಪ್ಪು ಭೌತವಿಜ್ಞಾನವನ್ನು. ಆದ್ದರಿಂದ ರಿಕ್ವೆಸ್ಟ್‌ಅನಿಮೇಷನ್‌ಫ್ರೇಮ್ ಪ್ರತಿ ಸಲ ಕೊಡುವ ಮಿಲಿಸೆಕೆಂಡುಗಳ ಸಮಯವನ್ನು ಹಿಡಿದಿಟ್ಟು, ಹಿಂದಿನ ಕರೆಗೂ ಈಗಿನದಕ್ಕೂ ಇರುವ ಅಂತರವನ್ನು ಸೆಕೆಂಡಿಗೆ ಪರಿವರ್ತಿಸಿ, ಆ ಅಂತರಕ್ಕೆ ತಕ್ಕಷ್ಟೇ ಲೋಲಕವನ್ನು ಮುಂದೆ ಸರಿಸಬೇಕು. ಬಳಕೆದಾರ ಬೇರೆ ಟ್ಯಾಬಿಗೆ ಹೋದಾಗ ಈ ಕರೆಗಳು ನಿಲ್ಲುವುದರಿಂದ, ಮರಳಿ ಬಂದಾಗ ಅಂತರವು ಒಮ್ಮೆಲೇ ಬಹಳ ದೊಡ್ಡದಾಗಿರುತ್ತದೆ, ಅದಕ್ಕೆ 0.05 ಸೆಕೆಂಡಿನಂತಹ ಮೇಲ್ಮಿತಿಯನ್ನು ಹಾಕಿಡಿ.

ಉಳಿದ ಲೆಕ್ಕ ನಿಮಗೆ ತಿಳಿದದ್ದೇ. ನೆನಪಿನಲ್ಲಿಡಬೇಕಾದ ಸಂಖ್ಯೆಗಳು ಎರಡೇ, ಕೋನ ಮತ್ತು ಕೋನೀಯ ವೇಗ. ಗುರುತ್ವ ವೇಗೋತ್ಕರ್ಷವನ್ನು ಉದ್ದದಿಂದ ಭಾಗಿಸಿ, ಕೋನದ ಸೈನ್‌ನಿಂದ ಗುಣಿಸಿ, ಋಣ ಚಿಹ್ನೆ ಹಚ್ಚಿದರೆ ಕೋನೀಯ ವೇಗೋತ್ಕರ್ಷ ಸಿಗುತ್ತದೆ. ಜಾವಾಸ್ಕ್ರಿಪ್ಟ್ ಕೋನಗಳನ್ನು ರೇಡಿಯನ್‌ನಲ್ಲಿ ನಿರೀಕ್ಷಿಸುತ್ತದೆ ಎಂಬುದನ್ನು ಮರೆಯಬೇಡಿ. ಇಲ್ಲಿ ಕ್ರಮವೂ ಮುಖ್ಯ: ಮೊದಲು ವೇಗವನ್ನು ಬದಲಿಸಿ, ಆ ಹೊಸ ವೇಗದಿಂದ ಕೋನವನ್ನು ಬದಲಿಸಬೇಕು. ಹಳೆಯ ವೇಗದಿಂದಲೇ ಕೋನವನ್ನು ಬದಲಿಸಿದರೆ ಲೋಲಕಕ್ಕೆ ಎಲ್ಲಿಂದಲೋ ಶಕ್ತಿ ಬಂದಂತಾಗಿ, ಯಾರೂ ಮುಟ್ಟದಿದ್ದರೂ ಅದರ ಪಾರ (ತೂಗಾಟದ ಹರವು) ನಿಧಾನವಾಗಿ ಹಿಗ್ಗುತ್ತ ಹೋಗುತ್ತದೆ. ಎರಡು ಸಾಲುಗಳು ಅದಲುಬದಲಾದರೆ ಶಕ್ತಿ ಸಂರಕ್ಷಣೆಯ ನಿಯಮವೇ ಮುರಿಯುವುದನ್ನು ಮಕ್ಕಳಿಗೆ ಬೇಕೆಂದೇ ತೋರಿಸಬಹುದು. ಇಂತಹ ಅವಕಾಶ ಮರದ ಚೌಕಟ್ಟಿಗೆ ತೂಗುಹಾಕಿದ ಗುಂಡಿನಲ್ಲಿ ದೊರೆಯುವುದಿಲ್ಲ.

ಎಳೆಯುವ ಭಾಗಕ್ಕೆ ಮೌಸ್ ಮತ್ತು ಬೆರಳನ್ನು ಬೇರೆ ಬೇರೆಯಾಗಿ ನಿಭಾಯಿಸುವ ಹಳೆಯ ಪಾಠಗಳನ್ನು ಅನುಸರಿಸಬೇಡಿ. ಒತ್ತಿದ್ದನ್ನು, ಸರಿಸಿದ್ದನ್ನು, ಬಿಟ್ಟದ್ದನ್ನು ಬ್ರೌಸರ್ ತಿಳಿಸುವ ಪಾಯಿಂಟರ್ ಈವೆಂಟುಗಳು ಎರಡಕ್ಕೂ ಸಲ್ಲುತ್ತವೆ: ಪಾಯಿಂಟರ್‌ಡೌನ್ ಆದಾಗ ಲೆಕ್ಕಾಚಾರ ನಿಲ್ಲಿಸಿ, ಪಾಯಿಂಟರ್‌ಮೂವ್ ಆದಂತೆ ಬೆರಳಿರುವ ಜಾಗದಿಂದ ಕೋನವನ್ನು ಕಂಡುಹಿಡಿದು, ಪಾಯಿಂಟರ್‌ಅಪ್ ಆದಾಗ ವೇಗವನ್ನು ಸೊನ್ನೆಯಾಗಿಸಿ ಬಿಟ್ಟುಬಿಡುವುದು. ಬೆರಳು ಗುಂಡಿನಿಂದ ಆಚೆ ಜಾರಿದರೂ ಹಿಡಿತ ತಪ್ಪದಂತೆ ಸೆಟ್‌ಪಾಯಿಂಟರ್‌ಕ್ಯಾಪ್ಚರ್ ಬಳಸಿ. ಚಿತ್ರದ ಭಾಗಕ್ಕೆ ಮಾತ್ರ ಟಚ್‌ಆ್ಯಕ್ಷನ್ ಗುಣವನ್ನು ‘ನನ್’ (none) ಎಂದಿಡದಿದ್ದರೆ ಮೊಬೈಲಿನಲ್ಲಿ ಲೋಲಕದ ಬದಲು ಇಡೀ ಪುಟವೇ ಸರಿಯುತ್ತದೆ.

ಚಿತ್ರಿಸಲು ಬ್ರೌಸರಿನಲ್ಲಿಯೇ ಇರುವ ಕ್ಯಾನ್ವಾಸ್ ಎಂಬ ಚಿತ್ರಫಲಕ ಸಾಕು. ಆಕೃತಿಗಳನ್ನು ಟ್ಯಾಗುಗಳಲ್ಲಿ ವರ್ಣಿಸುವ ಎಸ್‌ವಿಜಿಯೂ ಒಳ್ಳೆಯದೇ, ಆದರೆ ಪ್ರತಿ ಫ್ರೇಮಿನಲ್ಲಿ ಎಲ್ಲವನ್ನೂ ಅಳಿಸಿ, ಎರಡು ಸಂಖ್ಯೆಗಳ ಆಧಾರದಿಂದ ಪುನಃ ಬರೆಯುವ ಕ್ಯಾನ್ವಾಸಿನ ಕ್ರಮವು ಕಲಿಯುವವರಿಗೆ ಹೆಚ್ಚು ಸ್ಪಷ್ಟವೆಂದು ನನಗೆ ಅನಿಸುತ್ತದೆ.

ಕನ್ನಡದ ಹೆಸರುಗಳನ್ನು ಚಿತ್ರದಲ್ಲಿ ಬರೆಯುವುದಾದರೆ ಇಡೀ ಪದವನ್ನು ಒಮ್ಮೆಗೇ ಕ್ಯಾನ್ವಾಸಿನಲ್ಲಿ ಪಠ್ಯ ಬರೆಯುವ ಫಿಲ್‌ಟೆಕ್ಸ್ಟಿಗೆ ಕೊಡಿ. ಒತ್ತಕ್ಷರಗಳು ಸರಿಯಾಗಿಯೇ ಮೂಡುತ್ತವೆ. ಅಕ್ಷರಗಳು ಒಂದೊಂದಾಗಿ ಕಾಣಿಸಿಕೊಳ್ಳುವ ಅಲಂಕಾರ ಬೇಕೆಂದಾಗ ಮಾತ್ರ ಎಚ್ಚರ ಬೇಕು. ಜಾವಾಸ್ಕ್ರಿಪ್ಟಿನ ಸ್ಪ್ಲಿಟ್ ‘ಕನ್ನಡ’ ಎಂಬ ಪದವನ್ನು ಐದು ಚೂರುಗಳಾಗಿ ಒಡೆದು ಹಲಂತ ಚಿಹ್ನೆಯನ್ನೂ ಬೇರೆ ಮಾಡಿಬಿಡುತ್ತದೆ. ಚೂರು ಹಲಂತವಾಗಿದ್ದರೆ ಅದನ್ನು ಹಿಂದಿನ ಮತ್ತು ಮುಂದಿನ ಎರಡೂ ಅಕ್ಷರಗಳೊಂದಿಗೆ, ಸ್ವರಚಿಹ್ನೆಯಿದ್ದರೆ ಹಿಂದಿನ ವ್ಯಂಜನದೊಂದಿಗೆ ಸೇರಿಸುವ ಸಣ್ಣ ಫಂಕ್ಷನನ್ನು ನೀವೇ ಬರೆದುಕೊಳ್ಳಬೇಕಾಗುತ್ತದೆ.

ಇನ್ನು ಗ್ರಂಥಾಲಯಗಳ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕ್ರಮವಿಧಿಗಳ ಸಂಗ್ರಹಗಳ, ವಿಚಾರ. ಜಿಸ್ಯಾಪ್, ಪಿ5.ಜೆಎಸ್, ತ್ರೀ.ಜೆಎಸ್ ಇವೆಲ್ಲ ಶ್ರೇಷ್ಠ ಸಾಧನಗಳು. ಮೊದಲನೆಯದೂ ಕೊನೆಯದೂ ಆಕ್ಷನ್‌ಸ್ಕ್ರಿಪ್ಟಿನಲ್ಲಿಯೇ ಹುಟ್ಟಿ ಅನಂತರ ಜಾವಾಸ್ಕ್ರಿಪ್ಟಿಗೆ ಬಂದವು. ಆದರೂ ಈ ಲೋಲಕವನ್ನು ಯಾವ ಗ್ರಂಥಾಲಯದ ನೆರವೂ ಇಲ್ಲದೆ ಒಮ್ಮೆ ಬರೆದು ಮುಗಿಸಿ ಎಂದು ಒತ್ತಾಯಿಸುತ್ತೇನೆ. ಜಿಸ್ಯಾಪ್ ಒಂದು ಸ್ಥಾನದಿಂದ ಇನ್ನೊಂದಕ್ಕೆ ಸೊಗಸಾಗಿ ಸಾಗಿಸುವುದರಲ್ಲಿ ಪರಿಣತ. ನಿಮ್ಮ ಗುಂಡು ಎಲ್ಲಿಗೆ ಹೋಗಬೇಕೆಂಬುದನ್ನು ನಿರ್ಧರಿಸುವುದು ನಿಸರ್ಗದ ನಿಯಮವಾದ್ದರಿಂದ ಅದರ ನೆರವು ಇಲ್ಲಿ ಹೆಚ್ಚು ದಕ್ಕದು. ಕಲಿಕೆಗೆ ಎಂಡಿಎನ್ ಜಾಲತಾಣದ ಜಾವಾಸ್ಕ್ರಿಪ್ಟ್ ಮತ್ತು ಕ್ಯಾನ್ವಾಸ್ ಪಾಠಗಳಷ್ಟು ನಂಬಬಹುದಾದ ಉಚಿತ ಆಕರ ಬೇರೆ ಬೇಕಿಲ್ಲ.

ಇಡೀ ಕ್ರಮವಿಧಿಯನ್ನು ಒಂದೇ ಎಚ್‌ಟಿಎಂಎಲ್ ಕಡತದೊಳಗೆ, ಸಾಮಾನ್ಯ ಸ್ಕ್ರಿಪ್ಟ್ ಟ್ಯಾಗಿನಲ್ಲಿಯೇ ಇಡಿ. ಬೇರೆ ಕಡತಗಳಲ್ಲಿಟ್ಟ ಮಾಡ್ಯೂಲುಗಳನ್ನು ನೇರವಾಗಿ ಡಿಸ್ಕಿನಿಂದ ತೆರೆದಾಗ ಕ್ರೋಮ್ ತಡೆಯುತ್ತದೆ. ಒಂದೇ ಕಡತವಾದರೆ ಅಂತರ್ಜಾಲವಿಲ್ಲದ ತರಗತಿಯಲ್ಲಿಯೂ ಪೆನ್‌ಡ್ರೈವಿನಿಂದ ನಕಲಿಸಿ, ಶಾಲೆಯ ಯಾವ ಕಂಪ್ಯೂಟರಿನಲ್ಲಿ ಬೇಕಾದರೂ ತೆರೆಯಬಹುದು.