ಮಾತ್ರೆ ಕಂಡರು, ಕೆಲಸ ಹೋಯಿತು

ಪ್ರಶ್ನೆ: ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಡ್ರಾಯರ್‌ನಲ್ಲಿದ್ದ ಮಾತ್ರೆ ಆಫೀಸಿನಲ್ಲಿ ಯಾರದೋ ಕಣ್ಣಿಗೆ ಬಿತ್ತು. ಮೀಟಿಂಗ್‌ಗೆ ಕರೆಯುವುದು ನಿಂತಿತು, ಆಮೇಲೆ ಕೆಲಸವೂ ಹೋಯಿತು. ಮಾತ್ರೆ ಬಿಟ್ಟುಬಿಡಲಾ? ಇಂಟರ್‌ವ್ಯೂನಲ್ಲಿ ಏನು ಹೇಳಲಿ?

ಉತ್ತರ: ದಯವಿಟ್ಟು ಬಿಡಬೇಡಿ. ಕೆಲಸ ಹೋದಾಗ ನಾನೂ ಸಿಟ್ಟಿನಲ್ಲಿ ಬಿಟ್ಟಿದ್ದೆ. ಮೂರನೇ ದಿನಕ್ಕೆ ತಲೆಸುತ್ತು, ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. ಕಾಯಿಲೆ ಜಾಸ್ತಿಯಾಯಿತು ಅಂದುಕೊಂಡೆ. ಅದು ಥಟ್ಟನೆ ನಿಲ್ಲಿಸಿದ್ದರಿಂದ ಆಗಿದ್ದು. ಬಿಡುವುದಾದರೂ ಡಾಕ್ಟರ್ ಹೇಳಿದಂತೆ ವಾರಗಟ್ಟಲೆ, ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಇಂಟರ್‌ವ್ಯೂನಲ್ಲಿ ‘ನಡುವೆ ಆರೋಗ್ಯ ನೋಡಿಕೊಂಡೆ, ಈಗ ಕೆಲಸಕ್ಕೆ ತಯಾರಿದ್ದೇನೆ’ ಅನ್ನಿ, ಸಾಕು. ಕಾಯಿಲೆಯ ಹೆಸರು ಅವರಿಗೆ ಯಾಕೆ, ಅಲ್ವಾ? ಆಫೀಸಿಗೆ ಏಳುತ್ತಿದ್ದ ಹೊತ್ತಿಗೇ ಏಳಿ, ಸ್ನಾನ ಮಾಡಿ, ಶರ್ಟ್ ಹಾಕಿಕೊಳ್ಳಿ. ಆ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ.